ಭಾವನ ಬುಸುಗುಡುವ ಕಾಫಿ

ನಮ್ಮ ಭಾವನನ್ನು ನೀವು ಕಣ್ಣುಮುಚ್ಚಿ ನಂಬಬಹುದು. ಆದರೆ ಅವರು ನಿಮ್ಮನ್ನು ನಂಬುತ್ತಾರೆ ಎಂದು ಮಾತ್ರ ನಂಬಬೇಡಿ! ಅದರಲ್ಲೂ ನಿಮ್ಮ ಮನೆಯ ಕಾಫಿಯನ್ನು ಅವರು ದೇವರಾಣೆಗೂ ನಂಬುವವರಲ್ಲ. ಲೋಟ ಕೈಗೆ ಬಂದ ಕೂಡಲೇ ಮೂಸಿ, ಓರೆಮಾಡಿ, ಕದ್ದ ಮಾಲು ನೋಡುವ ಪೊಲೀಸಿನವರ ಹಾಗೆ ಒಳಗೆ ಇಣುಕಿ, "ಎಷ್ಟು ಚಿಕೋರಿ ಹಾಕೀರಿ?" ಎನ್ನುತ್ತಿದ್ದರು.

ಐವತ್ತರ ದಶಕದ ಕೊನೆಯ ಮಾತಿದು. ಕುಪ್ಪಗಡ್ಡೆಯವಳಾದ ನಾನು ಶಿಕಾರಿಪುರದಲ್ಲಿ ಟೀಚರ್ ಕೆಲಸ ಸಿಕ್ಕಿ, ಅಕ್ಕನ ಮನೆಯಲ್ಲೇ ಉಳಿದುಕೊಂಡಿದ್ದೆ. ಭಾವನದು ಸೈಕಲ್ ಶಾಪು. ಊರಿನ ಪಂಪ್ ಸ್ಟವ್‌ಗಳೆಲ್ಲ ರಿಪೇರಿಗೆ ಬರುತ್ತಿದ್ದುದೂ ಅವರ ಹತ್ತಿರವೇ. ಅಕ್ಕ ಆಗಷ್ಟೇ ವಿಷಮಶೀತ ಜ್ವರದಿಂದ ಎದ್ದಿದ್ದಳು. ಮೈ ಸೊರಗಿತ್ತು, ಬಾಯಿ ಮಾತ್ರ ಸೊರಗಿರಲಿಲ್ಲ. ಒಲೆ ಮುಂದೆ ತಾನೇ ಕೂತುಕೊಂಡು, ಪಡಸಾಲೆಯಲ್ಲಿದ್ದ ನನ್ನನ್ನು ಕರೆಯುವಳು: "ಏ, ಒಗ್ಗರಣೆ ಸೀದು ಹೋಗ್ತದಾ ಎಂತ, ಬಂದು ನೋಡೇ!"

"ನಿನ್ನ ಮೂಗಿನ ಬುಡದಲ್ಲೇ ಉಂಟಲ್ಲೇ, ಮಾರಾಯ್ತಿ!"

"ನಿಂಗೂ ಸ್ವಲ್ಪ ಅಡುಗೆ ಬರ್ಲಿ ಅಂತ."

ತಂಗಿಗೆ ಕೆಲಸ ಹಚ್ಚಲು ಇದೊಂದು ಹೊಸ ಉಪಾಯವೆಂದು ನನಗೆ ಗುಮಾನಿ. ಆ ಮನೆಯ ಗಾಳಿಯೇ ಹಾಗೆ, ಯಾರಿಗೂ ಯಾರ ಮೇಲೂ ನಂಬಿಕೆಯಿಲ್ಲ!

ಒಮ್ಮೆ ನನಗೊಂದು ಸಂಬಂಧ ಬಂತು. ಹುಡುಗನ ಮನೆ ನೋಡಿಕೊಂಡು ಬರಲು ಭಾವ ಕುಬಟೂರಿಗೆ ಹೋದರು. ಹೋದವರು ಹೊಲ ಎಷ್ಟು, ಗದ್ದೆ ಎಷ್ಟು ಎಂದು ಕೇಳುವುದು ಬಿಟ್ಟು, ಒಂದು ಚಿಟಿಕೆ ಕಾಫಿಪುಡಿ, ಒಂದು ಲೋಟ ತಣ್ಣೀರು ಕೇಳಿದರಂತೆ. ಪುಡಿಯನ್ನು ನೀರಿನ ಮೇಲೆ ಉದುರಿಸಿ ಕಣ್ಣು ಕೀಲಿಸಿ ಕೂತರಂತೆ. ಬೀಗರಾಗಬೇಕಾದವರು ಇದೇನು ಮಾಟವೋ ಮಂತ್ರವೋ ಎಂದು ಹೆದರಿ, ಮಕ್ಕಳನ್ನು ಒಳಗೆ ಕಳಿಸಿದರಂತೆ. ಸಂಜೆ ಭಾವ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ತೀರ್ಪು ಕೊಟ್ಟರು:

"ಈ ಸಂಬಂಧ ಬ್ಯಾಡ. ಪುಡಿ ತಳಕ್ಕ ಇಳೀತು. ಚಿಕೋರಿ ಬೆರೆಸೋ ಮಂದಿ!"

"ಹುಡುಗ ಹೇಗಿದ್ದ ಭಾವ?" ಎಂದೆ ನಾನು.

"ಹುಡುಗನ್ನ ಯಾರು ನೋಡಿದ್ರವ್ವಾ!"

ಇಂಥವರ ಕಿವಿಗೆ ಎಸ್ಟೇಟಿನ ಲಾರಿ ಡ್ರೈವರ್ ಒಬ್ಬ ಒಂದು ಹುಳ ಬಿಟ್ಟು ಹೋದ. ಇಟಲಿ ದೇಶದಲ್ಲಿ ಬಿಸಿನೀರನ್ನು ಒತ್ತಡದಿಂದ ಪುಡಿಯೊಳಗೆ ನುಗ್ಗಿಸುತ್ತಾರಂತೆ. ಹಾಲು ಬೆರೆಸುವ ಮೊದಲೇ ಡಿಕಾಕ್ಷನ್ ಮೇಲೆ ಜೇನುಬಣ್ಣದ ನೊರೆ ನಿಲ್ಲುತ್ತದಂತೆ. ಘಮ ಬೀದಿಯ ತುದಿಗೂ ಹೋಗುತ್ತದಂತೆ. ಅಂದಿನಿಂದ ನಮ್ಮ ಮನೆಯ ಫಿಲ್ಟರಿನ ಮೇಲೂ ಭಾವನಿಗೆ ಸಂಶಯ ಹುಟ್ಟಿತು. ಇಳಿದ ಮೇಲೆ ಉಳಿದ ಚರಟವನ್ನು ಬೆರಳಲ್ಲಿ ಉಜ್ಜಿ ಉಜ್ಜಿ, "ಅರ್ಧ ಸಾರ ಇದ್ರಾಗ ಅಡಗಿ ಕುಂತೈತಿ" ಎನ್ನುವರು. ಅಡಗಿದವನನ್ನು ಹೊರಗೆಳೆಯದೆ ಬಿಡುವ ಆಸಾಮಿಯೇ ಅವರು?

ಹಿತ್ತಿಲ ಕೊಟ್ಟಿಗೆಯಲ್ಲಿ ಯಂತ್ರ ಎದ್ದಿತು. ಕೆಳಗೆ ಪಂಪ್ ಸ್ಟವ್. ಮೇಲೆ ಬಾಯಿ ಬಿಗಿದ ಹಿತ್ತಾಳೆ ಕೊಡ. ಅದಕ್ಕೊಂದು ಸೈಕಲ್ ಪಂಪು, ಒಂದು ತಾಮ್ರದ ಕೊಳವೆ, ಕೊಳವೆಯ ತುದಿಗೆ ಪುಡಿ ಒತ್ತಿ ತುಂಬಿದ ಬಟ್ಟಲು. ಮೊದಲ ದಿನವೇ ಕೊಡದ ಮುಚ್ಚಳ ಹಾರಿ ಹೆಂಚು ತೂತಾಯಿತು. ಭಾವ ಆ ತೂತಿನಲ್ಲಿ ಆಕಾಶ ನೋಡಿ, "ಪ್ರೆಶರ್ ಬರ್ತೈತಿ, ಅಂದ್ರ ದಾರಿ ಸರಿ ಐತಿ" ಎಂದು ಸಂತೋಷಪಟ್ಟರು!

ಕೊಡ, ತಾಮ್ರದ ಕೊಳವೆ, ಉಗಿ, ತೊಟ್ಟಿಕ್ಕುವ ಕಪ್ಪು ನೀರು. ಪಕ್ಕದ ಮನೆಯ ಗಂಗಮ್ಮ ಬೇಲಿ ಸಂದಿಯಿಂದ ಇದನ್ನೆಲ್ಲ ನೋಡಿ ಏನೆಂದುಕೊಂಡಾರು ಹೇಳಿ? ಕಳ್ಳಬಟ್ಟಿ! ಅದಕ್ಕಿಂತಲೂ ಆಕೆಗೆ ಗುಮಾನಿ ಹುಟ್ಟಿಸಿದ್ದು ಇನ್ನೊಂದು. ಭಾವ ಮೊದಲ ಲೋಟವನ್ನು ತಾವು ಕುಡಿಯದೆ ಹೆಂಡತಿಗೆ ಕೊಡುತ್ತಿದ್ದರು. ಗಂಡಸರು ಕುಡಿದು ಕೆಳಗಿಟ್ಟ ಮೇಲೆಯೇ ಹೆಂಗಸರ ಲೋಟ ತುಂಬುತ್ತಿದ್ದ ಕಾಲವದು. "ಯಾವ ಗಂಡ್ಸು ಹಿಂಗ್ ಮಾಡ್ತಾನ್ರೀ? ಅದ್ರಾಗ ಏನೋ ಐತಿ!" ಎಂದು ಗಂಗಮ್ಮ ಬೀದಿಗೆಲ್ಲ ಸಾರಿದಳು. ನಿಜ ಹೇಳಬೇಕೆಂದರೆ, ಕುಡಿದವರು ಬದುಕುತ್ತಾರೋ ಇಲ್ಲವೋ ಎಂದು ಭಾವ ಅಕ್ಕನ ಮೇಲೆ ಪರೀಕ್ಷೆ ಮಾಡುತ್ತಿದ್ದಾರೆಂದೇ ನನ್ನ ಅನುಮಾನ.

"ಹೆಂಗೈತಿ?" ಎಂದು ಭಾವ ಉಸಿರು ಹಿಡಿದು ಕೇಳುವರು.

"ಬಿಸಿ ಉಂಟು ರೀ" ಎನ್ನುವಳು ಅಕ್ಕ.

ಪ್ರತಿ ಸಲವೂ ಅಷ್ಟೇ! ಭಾವನ ಮುಖ ಇಳಿಯುವುದು. ಮತ್ತೆ ಸ್ಪ್ಯಾನರ್ ಹಿಡಿಯುವರು. ಪುಡಿಯನ್ನು ಇನ್ನೂ ನುಣ್ಣಗೆ ಬೀಸುವರು, ವಾಷರ್ ಬದಲಿಸುವರು. ಇಷ್ಟೆಲ್ಲ ಒದ್ದಾಟಕ್ಕೆ ಇವಳೊಂದು ಒಳ್ಳೆ ಮಾತಾಡಬಾರದೆ ಎಂದು ನನಗೆ ಅಕ್ಕನ ಮೇಲೇ ಸಿಟ್ಟು ಬರುತ್ತಿತ್ತು.

ಕೊನೆಗೆ ಪೊಲೀಸ್ ದಫೇದಾರರು ಬಂದೇಬಿಟ್ಟರು. ಕೊಡ ಬಡಿದರು, ಕೊಳವೆ ಮೂಸಿದರು. "ಕಾಫಿ ಅಂತೀರಿ. ಹಂಗಾರ ನಮ್ಮೆದುರಿಗೆ ಇಳಿಸ್ರಿ. ಮೊದಲು ನಿಮ್ಮನಿಯವ್ರು ಕುಡೀಲಿ" ಎಂದರು. ಗಾಬರಿಯಲ್ಲಿ ಭಾವ ಬೀಜವನ್ನು ಕಪ್ಪಾಗುವವರೆಗೆ ಹುರಿದುಬಿಟ್ಟರು. ಪಂಪು ಒತ್ತಿದರು. ಯಂತ್ರ ಬುಸ್ಸೆಂದಿತು. ಆ ದಿನವೇ ಹಾಕಿದ್ದ ಚರ್ಮದ ವಾಷರ್ ಒತ್ತಡವನ್ನು ಹಿಡಿದು ನಿಂತಿತು. ಲೋಟದಲ್ಲಿ ಬೆರಳು ದಪ್ಪದ ಕಂದು ನೊರೆ!

ಅಕ್ಕ ಲೋಟ ಎತ್ತಿದಳು. ತುಟಿಗೆ ತಾಗಿಸುವ ಮುಂಚೆಯೇ ಕೈ ನಿಂತಿತು. ಮತ್ತೊಮ್ಮೆ ಉಸಿರೆಳೆದಳು.

"ಥೂ, ಎಂತ ರೀ ಇದು! ಬೀಜ ಪೂರಾ ಸೀಸಿದ್ದೀರಿ. ಸೀದ ವಾಸನೆ ಬರ್ತದೆ!"

ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಭಾವನಾದರೋ ಅಲ್ಲೇ ನೆಲದ ಮೇಲೆ ಕುಸಿದು ಕೂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು. ದಫೇದಾರರ ಕಣ್ಣು ಕಿರಿದಾಯಿತು. "ಕಾಫಿ ಸೀದ್ರ ಯಾರಾದ್ರೂ ಅಳ್ತಾರೇನ್ರಿ? ಇದ್ರಾಗ ಏನೋ ಐತಿ."

"ಐತ್ರಿ ಸಾಹೇಬ್ರ" ಎಂದರು ಭಾವ. "ಜ್ವರ ಬಿಟ್ಟ ಮ್ಯಾಲೆ ಇಕಿಗೆ ಯಾವ ವಾಸನಿನೂ ಗೊತ್ತಾಗ್ತಿರ್ಲಿಲ್ರಿ. ಮಲ್ಲಿಗಿ ಇಲ್ಲ, ತುಪ್ಪ ಇಲ್ಲ. ಒಲಿ ಮುಂದ ಕುಂತು ಒಬ್ಬಾಕಿನೇ ಅಳ್ತಿದ್ಲು. ಯಾರಿಗೂ ಹೇಳಬ್ಯಾಡ್ರಿ, ನನ್ನ ಕೈಯಡಿಗಿ ಯಾರು ಉಣ್ತಾರ ಅಂತ ಆಣಿ ಹಾಕ್ಸಿದ್ಲು. ಕಾಫಿ ಸಾರ ಪೂರಾ ಎಳದ್ರ ಅದರ ಘಮ ಆದ್ರೂ ಮುಟ್ಟೀತು ಅಂತ..."

ಒಗ್ಗರಣೆ ನೋಡು ಬಾ ಎಂದು ಅವಳು ಯಾಕೆ ಕರೆಯುತ್ತಿದ್ದಳೆಂದು ನನಗೆ ಆಗ ತಿಳಿಯಿತು. ಅಕ್ಕ ಕಾಫಿ ಕುಡಿಯಲೇ ಇಲ್ಲ. ಲೋಟವನ್ನು ಮೂಗಿಗೆ ಹಿಡಿದುಕೊಂಡು, "ಸೀದದ್ದು ರೀ, ಸೀದದ್ದೇ" ಎನ್ನುತ್ತ ನಗುತ್ತಿದ್ದಳು, ಕೆನ್ನೆ ಪೂರ್ತಿ ನೆನೆದಿತ್ತು.

ದಫೇದಾರರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಯಂತ್ರದಲ್ಲಿ ಉಳಿದಿದ್ದ ಆ ಕಾಫಿ ಕುಡಿದರು. ನಾನೂ ಕುಡಿದೆ. ಕುಡಿಯಲಾಗದಷ್ಟು ಕಹಿ.

"ಇನ್ನೊಂದು ಲೋಟ ಕೊಡಿ ಭಾವ" ಎಂದೆ.