ಬಂಡೆಯ ಹಿಂದಿನ ಅವ್ವ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೋದ ಬೇಸಿಗೆಯ ಒಂದು ಸಂಜೆ, ಮೊಳಕಾಲ್ಮುರು ಕಡೆಯ ಗುಡ್ಡದಲ್ಲಿ, ತಲೆಯ ಮೇಲೆ ಟವಲು ಹೊದ್ದು, ಮೀಸೆ ಇಟ್ಟುಕೊಂಡೇ ನಾನು ಒಬ್ಬ ಹುಡುಗನ ತಾಯಿಯಾದೆ. ಆಗು ಅಂತ ಯಾರೂ ಕೇಳಿರಲಿಲ್ಲ. ಬೇರೆಯವರ ದನಿ ಮಾಡುವುದು ತುರಿಕೆ ಇದ್ದ ಹಾಗೆ, ಬೇಡವೆಂದರೂ ಕೈ ತಾನಾಗಿ ಹೋಗುತ್ತದೆ. ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವವನಿಂದ ಹಿಡಿದು ನಮ್ಮ ಭಾವನ ಕೆಮ್ಮಿನವರೆಗೆ ನಾನು ಮಾಡದ ದನಿಯಿಲ್ಲ. ಒಮ್ಮೆ ಕನ್ನಡಿಯ ಮುಂದೆ ನಿಂತು ನನ್ನ ದನಿಯನ್ನೇ ಮಾಡಲು ಹೋಗಿ, ಸರಿಯಾಗಿ ಬರಲಿಲ್ಲವೆಂದು ಕೈಬಿಟ್ಟಿದ್ದೂ ಉಂಟು.

ನಮ್ಮ ಕಡೆ ನಿವೃತ್ತ ಡ್ರಿಲ್ ಮೇಷ್ಟ್ರೊಬ್ಬರಿದ್ದಾರೆ. ಪ್ರತಿ ಬೇಸಿಗೆ ಗುಡ್ಡದ ಬುಡದಲ್ಲಿ ಹತ್ತು ದಿನ ಹುಡುಗರ ಶಿಬಿರ ನಡೆಸುತ್ತಾರೆ. ಹನ್ನೆರಡು ಹುಡುಗರು, ನಾಲ್ಕು ಡೇರೆ, ಅಡುಗೆಗೆ ಪಾಲಯ್ಯ, ಸಹಾಯಕನೆಂಬ ಹೆಸರಿನಲ್ಲಿ ನಾನು. ಕಾಡು ಎಂದ ಕೂಡಲೇ ನೀವು ಹಸಿರನ್ನು ಕಲ್ಪಿಸಿಕೊಳ್ಳಬೇಡಿ. ಇಲ್ಲಿ ಮರವೆಂದರೆ ಜಾಲಿ, ನೆರಳೆಂದರೆ ಬಂಡೆ. ಮೊಬೈಲುಗಳೆಲ್ಲ, ನನ್ನದೂ ಸೇರಿ, ಮೊದಲ ದಿನವೇ ಮೇಷ್ಟ್ರ ಟ್ರಂಕಿನೊಳಗೆ ಹೋಗುತ್ತವೆ. ಶಿಬಿರಕ್ಕೆ ಇರುವುದು ಎರಡೇ ಕಟ್ಟಳೆ. ಯಾವುದೇ ಬಂಡೆಯ ಹಿಂದೆ ಹೋಗುವ ಮೊದಲು ದೂರದಿಂದ ಒಂದು ಸಣ್ಣ ಕಲ್ಲು ಎಸೆಯಬೇಕು. ಅಲ್ಲಿ ಕರಡಿ ಮಲಗಿದ್ದರೆ ಎದ್ದು ಹೋಗಲಿ ಎಂದು. "ಕರಡಿ ಮನೆಗೆ ಬಾಗಿಲಿಲ್ಲ ಕಣ್ರೋ, ನಾವೇ ತಟ್ಟಿ ಹೋಗ್ಬೇಕು" ಎನ್ನುತ್ತಾರೆ ಮೇಷ್ಟ್ರು, ಮೂಗಿನಲ್ಲಿ. (ನೀವು ಅದನ್ನು ನನ್ನ ಬಾಯಲ್ಲಿ ಕೇಳಬೇಕು.)

ಇನ್ನೊಂದು ಕಟ್ಟಳೆ ಕೂಗಿನದು. ಸಂಜೆ ಊಟಕ್ಕೆ ಮುಂಚೆ ಒಬ್ಬೊಬ್ಬರೂ ಚಪ್ಪಟೆ ಬಂಡೆಯೊಂದನ್ನು ಹತ್ತಿ, ತಮ್ಮೂರಿನ ದಿಕ್ಕಿಗೆ ತಿರುಗಿ, ಮನೆಯವರನ್ನು ಕೂಗಿ ಆ ದಿನದ ಸುದ್ದಿ ಹೇಳಬೇಕು. ಎದುರಿನ ಗುಡ್ಡ ಕೊನೆಯ ಮಾತನ್ನು ತಿರುಗಿ ಹೇಳುತ್ತದೆ. ರಾಂಪುರದ ಹುಡುಗ "ಅವ್ವಾ, ಮುದ್ದೆ ನುಂಗಿದೇ!" ಎಂದರೆ ಗುಡ್ಡವೂ ನುಂಗಿದೆ ಎನ್ನುತ್ತದೆ. ಕುದಾಪುರದವನದು ದಿನಾ ಒಂದೇ ಸುದ್ದಿ, "ಅಪ್ಪಾ, ನನ್ ಸೈಕಲ್ ತಮ್ಮಗೆ ಕೊಡಬ್ಯಾಡಾ!" ಮನೆಗೆ ಕೇಳುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಆದರೂ ಕೂಗಿ ಇಳಿದ ಹುಡುಗ ಹಗುರಾಗಿ ಬಂದು ತಟ್ಟೆ ಹಿಡಿಯುತ್ತಾನೆ.

ನನ್ನಿವಾಳದ ಓಬಳೇಶ ಮಾತ್ರ ಕೂಗಲಿಲ್ಲ. ಹತ್ತು ವರ್ಷದ ಹುಡುಗ. ಮೂರು ಸಂಜೆಯೂ ಬಂಡೆ ಹತ್ತಿದ, ನಿಂತ, ಇಳಿದ. ತಟ್ಟೆಯ ಮುಂದೆಯೂ ಅಷ್ಟೇ, ಕೂತ, ಒಂದೆರಡು ತುತ್ತಿಗೇ ಎದ್ದ. ಪಾಲಯ್ಯನಿಗೆ ಅವಮಾನವೇ ಆಯಿತು. "ಏನು ನಾಯನಾ, ನನ್ ಸಾರು ಅಷ್ಟು ಕೆಟ್ಟೈತಾ?" ಎಂದ. "ಚೆನ್ನಾಗೈತೆ ತಾತಾ, ಗಂಟಲಲ್ಲಿ ಇಳೀವಲ್ದು" ಎಂದ ಹುಡುಗ. ನಾಲ್ಕನೆಯ ದಿನ ಮೇಷ್ಟ್ರು ಹೇಳಿಬಿಟ್ಟರು: "ಇವತ್ತು ಸಂಜಿನೂ ಉಣ್ಣಲಿಲ್ಲ ಅಂದ್ರೆ ಅವರಪ್ಪಗೆ ಫೋನ್ ಮಾಡ್ತೀನಿ, ಕರ್ಕೊಂಡು ಹೋಗ್ಲಿ."

ಹುಡುಗ ನನ್ನ ಅಂಗಿ ಜಗ್ಗಿದ. "ಅಣ್ಣಾ, ಕಳಿಸಬ್ಯಾಡ್ರಿ ಅಂತ ಹೇಳಣ್ಣ. ಇವನು ಹತ್ತು ದಿನ ಇರೋದುಂಟಾ ಅಂತ ನಮ್ಮಣ್ಣ ಓಣಿ ಮಂದಿ ಮುಂದೆಲ್ಲ ನಕ್ಕಿದ್ದ."

"ಹಂಗಾದ್ರೆ ಉಣ್ಣಲೇ."

"ಉಣ್ಣಾಕೆ ಕುಂತ್ರೆ ಅವ್ವ ನೆಪ್ಪಾಗ್ತಾಳೆ."

ಆಗಲೇ ನನಗೆ ತುರಿಕೆ ಎದ್ದಿತು. ಮಗನನ್ನು ಬಿಟ್ಟುಹೋಗಲು ಬಂದ ದಿನ ಅವನ ಅವ್ವ ಐದು ನಿಮಿಷ ಮಾತಾಡಿದ್ದರು. ಐದು ನಿಮಿಷ ನನಗೆ ಧಾರಾಳವಾಯಿತು, ಮೇಷ್ಟ್ರನ್ನು ನಾನು ಎರಡೇ ನಿಮಿಷದಲ್ಲಿ ಕಲಿತವನು. ಸಂಜೆ ಸೌದೆ ತರುವ ನೆಪ ಹೇಳಿ, ಸುತ್ತುಹಾಕಿಕೊಂಡು ಹೋಗಿ, ಕೂಗಳತೆಯ ದೂರದ ಒಂದು ಬಂಡೆಯ ಹಿಂದೆ ಕೂತೆ. ಟವಲು ಯಾಕೆ ಹೊದ್ದೆನೋ ನನಗೇ ತಿಳಿಯದು. ಸೆರಗಿಲ್ಲದೆ ದನಿ ಬಾರದು ಅನ್ನಿಸಿರಬೇಕು.

ಓಬಳೇಶ ಬಂಡೆ ಹತ್ತಿ ನಿಂತ. ನಾನು ಶುರುಮಾಡಿದೆ.

"ಓಬಳೇಶಾ... ಉಂಡ್ಯಾ ನನ್ ಬಂಗಾರಾ?"

ನಾಲ್ಕು ದಿನದಲ್ಲಿ ಮೊದಲ ಸಲ ಅವನ ಕೂಗು ಕೇಳಿತು: "ಇಲ್ಲವ್ವಾ!"

ಗೆದ್ದೆ! ಗೆದ್ದವನು ಅಲ್ಲಿಗೆ ಸುಮ್ಮನಾಗಬೇಕಿತ್ತು. ಆದರೆ ಮಾತು ಒಳಗಿಂದ ತಾನಾಗಿಯೇ ಬರತೊಡಗಿತು. "ಉಣ್ಣು ಬಂಗಾರಾ, ಬರೀ ಹೊಟ್ಟೇಲಿ ಮಲಗಬ್ಯಾಡ. ನೆಲ ಒತ್ತತೈತಾ? ಬಿಸಿಲಾಗೆ ತಿರುಗಬ್ಯಾಡ, ನಿಂಗೆ ತಡೆಯಲ್ಲ. ನೀನಿಲ್ದೆ ಮನಿ ಬಿಕೋ ಅಂತೈತೆ..." ಇಷ್ಟು ಹೇಳುವಷ್ಟರಲ್ಲಿ ಟವಲಿನ ಚುಂಗು ಸೆರಗಿನ ಹಾಗೆ ತಾನಾಗಿ ಬಾಯಿಗೆ ಹೋಯಿತು. ಎಂಥಾ ಕಲಾವಿದ ನಾನು ಎಂದುಕೊಂಡೆ. ಕೆನ್ನೆ ಒದ್ದೆಯಾಗಿದ್ದನ್ನು ಸೆಕೆಯ ಲೆಕ್ಕಕ್ಕೆ ಸೇರಿಸಿದೆ. ಆ ಕಡೆ ರಾಂಪುರದವನು "ನಮ್ಮವ್ವನೂ ಬಂದಾಳಾ ಕೇಳಲೇ!" ಎಂದು ಕಿರುಚುತ್ತಿದ್ದ. ಹನ್ನೆರಡು ತಾಯಂದಿರನ್ನು ಒಬ್ಬನೇ ಹೇಗೆ ನಿಭಾಯಿಸಲಿ ಎಂದು ಯೋಚಿಸುತ್ತಿರುವಾಗಲೇ ಬೆನ್ನಿಗೆ ರಪ್ಪನೆ ಒಂದು ಕಲ್ಲು ಬಿತ್ತು.

"ಅಯ್ಯಯ್ಯಪ್ಪಾ!" ಎಂದೆ, ಅಪ್ಪಟ ಗಂಡು ದನಿಯಲ್ಲಿ.

ಕಟ್ಟಳೆಯಂತೆ ಕಲ್ಲೆಸೆದೇ ಓಬಳೇಶ ಬಂಡೆಯ ಈಚೆ ಬಂದಿದ್ದ. ಟವಲು ನೋಡಿದ, ಮೀಸೆ ನೋಡಿದ, ಕೆನ್ನೆ ನೋಡಿದ. ಅವ್ವನನ್ನು ಹುಡುಕಿಕೊಂಡು ಬಂದ ಮಗುವಿಗೆ ನಾನು ಸಿಕ್ಕಿದ್ದೆ. ಇನ್ನು ಇವನು ಉಣ್ಣುವುದಿಲ್ಲ, ಅಪ್ಪನಿಗೆ ಫೋನು ಹೋಗುತ್ತದೆ, ಓಣಿಯೆಲ್ಲ ನಗುತ್ತದೆ, ಎಲ್ಲವೂ ನನ್ನ ನಾಲಿಗೆಯಿಂದ. "ತಪ್ಪಾತು ಕಣಪ್ಪಾ" ಎಂದೆ. ಗಾಬರಿಯಲ್ಲಿ ಅದೂ ಅವ್ವನ ದನಿಯಲ್ಲೇ ಬಂತು. ಕೆಮ್ಮಿ, ಗಂಟಲು ಸರಿಮಾಡಿಕೊಂಡು, ನನ್ನದರಲ್ಲಿ ಇನ್ನೊಮ್ಮೆ ಹೇಳಿದೆ.

ಅವನು ಅಳಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ನನ್ನ ಹೆಗಲ ಮೇಲೆ ಜಾರಿದ್ದ ಟವಲಿನ ಚುಂಗನ್ನು ಎತ್ತಿ ನನ್ನ ಕೈಗೇ ಕೊಟ್ಟ.

"ದನಿ ನಮ್ಮವ್ವಂದೇ ಕಣಣ್ಣ, ಮಾತು ನಮ್ಮವ್ವಂದಲ್ಲ. ನಮ್ಮವ್ವ ಯಾವತ್ತೂ ಬಂಗಾರ ಅಂದಿಲ್ಲ, 'ಉಣ್ತೀಯೋ, ಎತ್ತಿ ನಾಯಿಗಾಕ್ಲೋ' ಅಂತಾಳೆ. ಆ ಬಂಗಾರ ಅನ್ನೋಳು ನಿಮ್ಮವ್ವ ಇರ್ಬೇಕು. ಕಣ್ಣೊರೆಸ್ಕೊಂಡು ಏಳು, ನಾನು ಯಾರಿಗೂ ಹೇಳಲ್ಲ. ನಂಗೆ ಹೊಟ್ಟೆ ಹಸಿದೈತೆ."