ಎರಡನೇ ತಂಪುಯಂತ್ರ ಬೇಡವೆಂದು ಮೊದಲನೆಯದಕ್ಕೆ ಅರಿಕೆ

ಮಾನ್ಯ ತಂಪುಯಂತ್ರದವರೇ,

ರಜೆಯ ಮಾತೆತ್ತದೆ, ಬಡ್ತಿಗೆ ಹಲ್ಲುಗಿಂಜದೆ, ಸಾಲು ಸಾಲು ಕಂಪ್ಯೂಟರುಗಳ ಜ್ವರ ಇಳಿಸುತ್ತಾ ಗೋಡೆಯಾಚೆ ಗುಡುಗುತ್ತಿರುವ ತಮಗೆ, ಅದೇ ಡೇಟಾ ಸೆಂಟರಿನ ಒಳಗೆ ಸ್ವೆಟರಿನ ಮೇಲೊಂದು ಸ್ವೆಟರ್ ತೊಟ್ಟು ಕೂತಿರುವ ಮೇಲ್ವಿಚಾರಕನ ಗಡಗಡ ನಮಸ್ಕಾರಗಳು. ತಮ್ಮ ಮಾನ ಕಳೆಯಲೆಂದೇ ಈ ಪತ್ರ ಶುರುಮಾಡಿದೆ. ಯಾರದು ಹೋಯಿತೆಂಬುದು ಮುಂದೆ ತಿಳಿಯುತ್ತದೆ.

ನನ್ನ ಮೇಜಿನ ಬಳಿ ಕಾಲು ಮರಗಟ್ಟುವಷ್ಟು ಚಳಿ, ಆದರೆ ಅಲ್ಲೇ ಮೇಲಿರುವ ಥರ್ಮಾಮೀಟರಿನಲ್ಲಿ ಮಾತ್ರ ಸೆಕೆ. ಇದರಿಂದ ತಮಗೆ ವಯಸ್ಸಾಯಿತೆಂದೂ, ಇನ್ನೊಂದು ಯಂತ್ರ ತರದಿದ್ದರೆ ಕಂಪ್ಯೂಟರುಗಳು ಬೆಂದುಹೋಗುತ್ತವೆಂದೂ ಮೇಲಿನವರಿಗೆ ಬರೆದುಕೊಂಡೆ. ನಾನು ಕೇಳಿದ್ದಕ್ಕೆಲ್ಲ ನೋಡೋಣ ಎನ್ನುತ್ತಿದ್ದವರು ಇದೊಂದಕ್ಕೆ ಮರುಮಾತಿಲ್ಲದೆ ಒಪ್ಪಿ, ಹಿಂದಿನ ಗೋಡೆಯಲ್ಲಿ ಅದಕ್ಕೆ ಜಾಗವನ್ನೂ ಗುರುತು ಮಾಡಿಸಿದರು.

ಆ ಗೋಡೆಯಾಚೆಗಿನ ಓಣಿಯಲ್ಲೇ ನಮ್ಮ ಮನೆ. ಗುರುತು ಹಾಕಿದ ಜಾಗಕ್ಕೆ ಎದುರಾಗಿರುವುದು ನನ್ನ ಅಮ್ಮನ ಕೋಣೆಯ ಕಿಟಕಿ. ತಮ್ಮ ಹೊಟ್ಟೆಗೆ ಕರೆಂಟು ತುಂಬಿಸಲು ಎಲ್ಲೋ ಕಲ್ಲಿದ್ದಲು ಉರಿದು ಜಗತ್ತಿಗೆಲ್ಲ ಸೆಕೆಯಾಗುತ್ತದೆಂಬ ವಿಷಯ ನನಗೆ ಗೊತ್ತಿತ್ತು, ಭೂಮಿಯನ್ನು ತಂಪಾಗಿಡೋಣ ಎಂಬ ಭಿತ್ತಿಪತ್ರವನ್ನು ಆಫೀಸಿನಲ್ಲಿ ಅಂಟಿಸಿದವನೇ ನಾನು. ಆದರೆ ಮಂಡಿನೋವಿನಿಂದ ಹೊರಗೆ ಹೋಗಲಾರದೆ ಆ ಕಿಟಕಿಯಿಂದಲೇ ಓಣಿಯವರ ಕಷ್ಟಸುಖ ವಿಚಾರಿಸುತ್ತಿದ್ದ ಅಮ್ಮ, ತಾವು ಊದುವ ಬಿಸಿಗಾಳಿಗೆ ಅದನ್ನು ಮುಚ್ಚಿಕೊಂಡು ಕೂತಿದ್ದಾಳೆ. ಒಂದು ಯಂತ್ರಕ್ಕೇ ಹೀಗೆ. ಎರಡಾದರೆ ಆ ಕಿಟಕಿ ಇನ್ನು ತೆರೆಯುವುದಿಲ್ಲ.

ನಿನ್ನೆ ಊಟದ ಡಬ್ಬಿ ಎತ್ತಿಕೊಳ್ಳುವಾಗ ನನ್ನ ಘನಕಾರ್ಯ ನನ್ನ ಕಣ್ಣಿಗೇ ಬಿತ್ತು. ಕಂಪ್ಯೂಟರುಗಳ ಮುಂದೆ ತಣ್ಣನೆಯ ಗಾಳಿ, ಹಿಂದೆ ಬಿಸಿಗಾಳಿ. ಅವೆರಡೂ ಬೆರೆಯದಿರಲೆಂದು ನಡುವಿನ ಖಾಲಿ ಕಂಡಿಗಳಿಗೆ ತಗಡು ಮುಚ್ಚಿರುತ್ತಾರೆ. ಕಾಲು ಬೆಚ್ಚಗಾಗಲೆಂದು ನಾನು ಒಂದು ತಗಡು ಕಿತ್ತಿದ್ದೆ. ಸುಖವೋ ಸುಖ. ಆ ಬಿಸಿಗಾಳಿ ನನ್ನ ಕಾಲಿಗಷ್ಟೇ ಅಲ್ಲ, ಮೇಲಿದ್ದ ಥರ್ಮಾಮೀಟರಿಗೂ ತಾಗಿತು. ಪಾಪ, ತಾವು ಅದರ ಮಾತು ನಂಬಿ ಇಡೀ ಕೋಣೆ ಕುದಿಯುತ್ತಿದೆಯೆಂದು ಮೈಮುರಿದು ದುಡಿದಿರಿ. ಚಳಿ ಹೆಚ್ಚಾಯಿತು. ಪಕ್ಕದ ತಗಡನ್ನೂ ಕಿತ್ತು, ಆ ಕಂಡಿಯ ಬಾಯಲ್ಲಿ ಡಬ್ಬಿ ಇಟ್ಟು ಊಟ ಬಿಸಿ ಮಾಡಿಕೊಳ್ಳತೊಡಗಿದೆ. ಹೀಗೆ ನನ್ನೊಬ್ಬನ ಅನ್ನ ಆರದಿರಲೆಂದು ತಾವು ಇಡೀ ಓಣಿಯನ್ನು ಬೇಯಿಸಿದಿರಿ, ತಮ್ಮ ನಿಷ್ಠೆಗೆ ಶರಣು.

ತಗಡುಗಳನ್ನು ವಾಪಸ್ ಹಾಕಿದರೆ ಮುಗಿಯಿತಲ್ಲ ಎಂದು ತಾವು ಕೇಳಬಹುದು. ಅವನ್ನು ನಾನು ಎಂದೋ ಮನೆಗೊಯ್ದು, ಬಿಸಿಗಾಳಿ ತಡೆಯಲೆಂದು ಅಮ್ಮನ ಕಿಟಕಿಗೇ ಅಡ್ಡ ಕಟ್ಟಿದ್ದೇನೆ. ಮಗನಿಗೆ ಎಷ್ಟು ಅಕ್ಕರೆ ಎಂದು ಅವಳು ಮನೆಗೆ ಬಂದವರಿಗೆಲ್ಲ ಹೇಳಿಕೊಂಡಿದ್ದಳು. ನಿನ್ನೆ ಸಂಜೆ ಬಿಚ್ಚಲು ಹೋದಾಗ ನಡೆದದ್ದೆಲ್ಲ ಹೇಳಬೇಕಾಯಿತು. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ಅಮ್ಮ ಬಯ್ಯಲಿಲ್ಲ. "ಮೊದಲು ಬಿಸಿಗಾಳಿ ನಿಲ್ಸು, ಆಮೇಲೆ ತಗಡು ತಗೊಂಡು ಹೋಗಪ್ಪಾ" ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು.

ಆದ್ದರಿಂದ ಮಹಾಶಯರೇ, ನಾಳೆ ಮೇಲಿನವರು ಪರೀಕ್ಷಿಸಲು ಬಂದಾಗ ದಯವಿಟ್ಟು ಸೋಮಾರಿಯಾಗಿರಿ, ಆಕಳಿಸಿ, ಇನ್ನೊಬ್ಬರ ಅಗತ್ಯವೇ ಇಲ್ಲವೆಂಬಂತೆ ಕಾಲು ಚಾಚಿ ಕೂತಿರಿ. ಸಾಧ್ಯವಾದರೆ ಒಂದೇ ಒಂದು ಮಧ್ಯಾಹ್ನ ಹಿಂದುಮುಂದಾಗಿ ತಿರುಗಿ, ತಂಪನ್ನು ಓಣಿಗೂ ಬಿಸಿಯನ್ನು ನನ್ನ ಮುಖಕ್ಕೂ ಊದಿ. ಯಂತ್ರ ಬೇಡವೆಂದು ನಾನೇ ಬರೆದುಕೊಟ್ಟಿದ್ದೇನೆ, ಕಾರಣದ ಜಾಗದಲ್ಲಿ ಡಬ್ಬಿಯ ವಿಷಯವನ್ನೂ ಸೇರಿಸಿದ್ದೇನೆ. ಇನ್ನು ನನ್ನ ಬಡ್ತಿಯ ಚಿಂತೆ ತಮಗೆ ಬೇಡ.

ಇಂತಿ, ಹಲ್ಲು ಕಟಕಟಿಸುತ್ತಲೇ,
ತಮ್ಮ ವಿಶ್ವಾಸಿ,
ತಣ್ಣನೆಯ ಅನ್ನ ತಿನ್ನುವ ಮೇಲ್ವಿಚಾರಕ

ತಾ.ಕ.: ತಗಡು ಸಿಗದ ಕಾರಣ ಎರಡು ಕಂಡಿಗೂ ನನ್ನ ಎರಡು ಸ್ವೆಟರುಗಳನ್ನು ತುರುಕಿ, ಬರಿ ಅಂಗಿಯಲ್ಲಿ ಕೂತಿದ್ದೇನೆ. ಥರ್ಮಾಮೀಟರ್ ಆಗಲೇ ಇಳಿದಿದೆ, ತಮ್ಮ ಗುಡುಗೂ ತಗ್ಗಿದೆ. ಈಗಷ್ಟೇ ಅಮ್ಮನ ಫೋನು ಬಂದಿತ್ತು: ಒಂದು ತಗಡನ್ನು ಅವಳೇ ಬಿಚ್ಚಿದ್ದಾಳಂತೆ, ಇನ್ನೊಂದನ್ನು ನನ್ನ ಮೇಲೆ ನಂಬಿಕೆ ಬಂದ ಮೇಲೆ ಬಿಚ್ಚುತ್ತಾಳಂತೆ.