ಸಣ್ಣ ಮೇಸ್ತ್ರಿಯ ಸ್ವಾವಲಂಬನೆ

ನಲವತ್ತಮೂರು ವರ್ಷ ತುಂಬಿ ನೆತ್ತಿ ಮುಕ್ಕಾಲು ಖಾಲಿಯಾಗಿದ್ದರೂ ಅವನು ಇನ್ನೂ 'ಸಣ್ಣ ಮೇಸ್ತ್ರಿ'ಯೇ. ಅಣ್ಣ 'ದೊಡ್ಡ ಮೇಸ್ತ್ರಿ' ಇರುವ ತನಕ ಬಡ್ತಿಯ ಮಾತೇ ಇಲ್ಲ. ಅಣ್ಣನಿಗೋ ಗುಂಡುಕಲ್ಲಿನಂಥ ಆರೋಗ್ಯ.

ಮನೆಯ ಮುಂದಿನ ಉದ್ದನೆಯ ಕೋಣೆಯೇ ಅವರ ಬೈಂಡಿಂಗ್ ಕಾರ್ಖಾನೆ. ಅಮ್ಮ ಹಾಳೆ ಮಡಚಿ ಜೋಡಿಸುವಳು, ಹೆಂಡತಿ ಹೊಲಿಯುವಳು, ಅಣ್ಣ ಅಂಚು ಕತ್ತರಿಸುವನು. ಸಣ್ಣ ಮೇಸ್ತ್ರಿ ರಟ್ಟು ಕಟ್ಟಿ ಪುಸ್ತಕದ ಬೆನ್ನಿನ ಮೇಲೆ ಚಿನ್ನದ ಅಕ್ಷರ ಒತ್ತುವನು. ಗಿರಾಕಿಗಳು ಮಾತ್ರ "ನಿಮ್ಮ ಮನೆಯವರ ಕೆಲಸ ಭಾಳ ಚೆನ್ನಾಗಿದೆ" ಎನ್ನುವರು. ಮನೆಯವರ! ಫಳಫಳ ಹೊಳೆಯುವುದು ಇವನ ಅಕ್ಷರ, ಹೊಗಳಿಕೆ ಮಾತ್ರ ನಾಲ್ಕು ಪಾಲು.

ಹೀಗಿರುವಾಗ ಕಾಲೇಜಿನ ಮೇಡಂ ಒಬ್ಬರು ಹನ್ನೆರಡು ವರ್ಷ ಹೆಣಗಿ ಬರೆದ ಮಹಾಪ್ರಬಂಧ ತಂದುಕೊಟ್ಟರು. ಒಬ್ಬೊಬ್ಬರೇ ಮುನ್ನುಗ್ಗುವ ಸಮಾಜಗಳು ಹೇಗೆ ಸಿರಿವಂತವಾಗುತ್ತವೆ, ಕೂಡಿ ಬಾಳುವ ಸಮಾಜಗಳು ಹೇಗೆ, ಎಂಬುದು ಅದರ ವಿಷಯ.

"ನಾಳೆ ಸಂಜೆ ಐದಕ್ಕೆ ಬೇಕೇ ಬೇಕು. ಆರಕ್ಕೆ ಕಚೇರಿ ಬಾಗಿಲು ಹಾಕ್ತಾರೆ. ತಪ್ಪಿದ್ರೆ ನನಗೆ ಇನ್ನೊಂದು ವರ್ಷ ಹೋಯ್ತು" ಎಂದು ಮೇಡಂ ಕೈಮುಗಿದರು.

ಸಣ್ಣ ಮೇಸ್ತ್ರಿ ಸುಮ್ಮನೆ ಕಣ್ಣಾಡಿಸಿದವನು ಮೂರು ಅಧ್ಯಾಯ ಓದಿಯೇಬಿಟ್ಟ. ತಮ್ಮ ಕಾಲ ಮೇಲೆ ತಾವು ನಿಂತವರು, ತಮ್ಮ ಹೆಸರಲ್ಲಿ ತಾವು ದುಡಿದವರು, ಅವರು ಕಟ್ಟಿದ ಗಿರಣಿಗಳು, ಹಡಗುಗಳು! ಅವನ ಎದೆ ಉಬ್ಬಿತು. (ಪ್ರಬಂಧದಲ್ಲಿ ಒಟ್ಟು ಒಂಬತ್ತು ಅಧ್ಯಾಯಗಳಿದ್ದವು. ಆ ಸಂಗತಿ ಆಗ ಮುಖ್ಯವೆನಿಸಲಿಲ್ಲ.)

ಮರುದಿನ ಬೆಳಗಿನ ತಿಂಡಿಯ ಹೊತ್ತಿಗೆ ಘೋಷಣೆಯಾಯಿತು. "ಇವತ್ತಿಂದ ಈ ಮನೇಲಿ ಅವರವರ ಕೆಲಸ ಅವರವರದ್ದು. ಈ ಪುಸ್ತಕ ಪೂರ್ತಿ ನಾನೊಬ್ಬನೇ ಮಾಡ್ತೀನಿ. ನನ್ನ ಮೇಜಿನ ಹತ್ತಿರ ಬರೋರು ಮೊದಲು ಅನುಮತಿ ಕೇಳ್ಬೇಕು."

"ತಟ್ಟೆ ತೊಳೆಯೋದೂ ಅವರವರದ್ದೇನಾ?" ಎಂದಳು ಹೆಂಡತಿ.

"ಅದು... ಅದು ಮುಂದಿನ ಹಂತ."

"ಜ್ವರ ಗಿರ ಬಂದಿದೆಯೇನೋ ನೋಡೇ" ಎಂದು ಅಮ್ಮ ಸೊಸೆಗೆ ಕಣ್ಸನ್ನೆ ಮಾಡಿದಳು. ಅಣ್ಣ ಕುರ್ಚಿಯನ್ನು ಗೋಡೆ ಕಡೆಗೆ ತಿರುಗಿಸಿಕೊಂಡು ಪತ್ರಿಕೆ ಬಿಡಿಸಿದ.

ಅಮ್ಮನ ಕೈಯಲ್ಲಿ ರೇಷ್ಮೆಯಂತೆ ಬಾಗುತ್ತಿದ್ದ ಹಾಳೆಗಳು ಇವನ ಕೈಯಲ್ಲಿ ಹಪ್ಪಳದಂತೆ ಸೆಟೆದವು. ಸೂಜಿ ಹಾಳೆಗಿಂತ ಹೆಚ್ಚು ಸಲ ಬೆರಳನ್ನೇ ಹೊಲಿಯಿತು. ಅಂತೂ ಮಧ್ಯಾಹ್ನ ಒಂದಕ್ಕೆ ಹೊಲಿಗೆ ಮುಗಿಸಿ, ಪುಸ್ತಕವನ್ನು ಕಬ್ಬಿಣದ ಒತ್ತುಯಂತ್ರಕ್ಕೆ ಇಟ್ಟು, ಬಗ್ಗಿ ನೋಡುತ್ತ ವೀರಾವೇಶದಿಂದ ಹಿಡಿ ತಿರುಗಿಸಿದ. ಪುಸ್ತಕದ ಜೊತೆಗೆ ಅಂಗಿಯೂ ಒಳಗೆ ಹೋಯಿತು. ಬಿಚ್ಚಿಕೊಂಡು ಪಾರಾಗೋಣವೆಂದರೆ ಗುಂಡಿಗಳೇ ಒಳಗೆ ಸಿಕ್ಕಿದ್ದವು. ಹಿಡಿ ಮಾತ್ರ ಆಚೆ ಬದಿಗೆ ತಿರುಗಿ, ಕೈಗೆಟುಕದೆ ನಿಂತಿತ್ತು.

ಕಾಲು ಗಂಟೆ ಸ್ವಾವಲಂಬನೆ ತಡೆದುಕೊಂಡಿತು. ಆಮೇಲೆ, "ಅಣ್ಣಾ, ಸ್ವಲ್ಪ ಬಾ."

"ಅನುಮತಿ ಇದೆಯಾ?" ಪತ್ರಿಕೆಯ ಹಿಂದಿನಿಂದ ದನಿ ಬಂತು.

"ಇದೆ ಮಾರಾಯಾ, ಇದೆ! ಬಾ!"

ಬಿಡಿಸಿದ ಅಣ್ಣ ನಗಲಿಲ್ಲ. ಹೊಲಿದ ಕಟ್ಟನ್ನು ತಿರುವಿಹಾಕಿ, "ಎರಡಾದ ಮೇಲೆ ಏಳನೇ ಅಧ್ಯಾಯ ಯಾಕೆ ಬಂತೋ?" ಎಂದ.

ಸಣ್ಣ ಮೇಸ್ತ್ರಿ ಸ್ಟೂಲಿನ ಮೇಲೆ ಕುಸಿದ. ಮೇಡಂ ಅವರ ಮುಗಿದ ಕೈ ಕಣ್ಣ ಮುಂದೆ ಬಂತು. ತನ್ನ ಹೆಸರಿನ ಆಸೆಗೆ ಅವರ ಹನ್ನೆರಡು ವರ್ಷ ಬಲಿಯಾಗುತ್ತಿತ್ತು. "ತಪ್ಪಾಯ್ತು. ನನ್ನ ಕೈಲಿ ಆಗಲ್ಲ. ದಯವಿಟ್ಟು ಎಲ್ಲರೂ ಬನ್ನಿ" ಎಂದ.

ಯಾರೂ ಉಪದೇಶ ಮಾಡಲಿಲ್ಲ. ಪುಣ್ಯಕ್ಕೆ ಇನ್ನೂ ಅಂಟು ಹಚ್ಚಿರಲಿಲ್ಲ. ಹೆಂಡತಿ ಹೊಲಿಗೆ ಬಿಚ್ಚಿದಳು. ಅಮ್ಮ ಕನ್ನಡಕ ಏರಿಸಿ ಸುಕ್ಕಾದ ಹಾಳೆಗಳನ್ನು ಒಂದೊಂದಾಗಿ ಸವರಿ ಮತ್ತೆ ಮಡಚಿದಳು. ತನ್ನ ರಟ್ಟಿನ ಮೂಲೆಗಳು ಇಷ್ಟು ವರ್ಷ ಸರಿಯಾಗಿ ಕೂರುತ್ತಿದ್ದದ್ದು ಅಣ್ಣ ಕೂದಲೆಳೆಯಷ್ಟೂ ತಪ್ಪದೆ ಕತ್ತರಿಸುತ್ತಿದ್ದುದರಿಂದ ಎಂಬುದನ್ನು ಸಣ್ಣ ಮೇಸ್ತ್ರಿ ಅಂದು ಮೊದಲ ಬಾರಿಗೆ ಕಣ್ಣಿಟ್ಟು ನೋಡಿದ. ಅಂಟಿನ ಘಾಟು ಎಂದು ಸುಳ್ಳು ಹೇಳಿ ಮೂಗೊರೆಸಿಕೊಂಡ.

ನಡುವೆ ಹೆಂಡತಿ ಎದ್ದುಹೋಗಿ ಯಾರಿಗೋ ಫೋನು ಮಾಡಿ ಬಂದಳು. ಕೇಳುವ ಧೈರ್ಯ ಅವನಿಗೆ ಉಳಿದಿರಲಿಲ್ಲ. ನಾಲ್ಕು ಗಂಟೆಗೆ ಮೇಡಂ ಏದುಸಿರು ಬಿಡುತ್ತ ಒಂದು ಹಾಳೆ ಹಿಡಿದುಕೊಂಡು ಓಡಿಬಂದರು. ಮುದ್ರಿಸಿದವರು ಒಂದು ಹಾಳೆಯನ್ನು ಎರಡು ಸಲ ಕಳಿಸಿ ಇನ್ನೊಂದನ್ನು ಬಿಟ್ಟೇಬಿಟ್ಟಿದ್ದರಂತೆ. ಮತ್ತೆ ಹೊಲಿಯುವಾಗ ಹೆಂಡತಿ ಅದನ್ನು ಪತ್ತೆ ಹಚ್ಚಿ ಮೇಡಂಗೇ ಫೋನು ಮಾಡಿದ್ದಳು.

ಐದಕ್ಕೆ ಐದು ನಿಮಿಷ ಇರುವಾಗ ಪುಸ್ತಕ ಮೇಡಂ ಕೈಸೇರಿತು. ಬೆನ್ನಿನ ಮೇಲೆ ಅವರ ಹೆಸರು ಹೊಳೆಯುತ್ತಿತ್ತು. ಅದನ್ನು ಸವರಿ ಕಣ್ಣೊರೆಸಿಕೊಂಡ ಅವರು, "ನಮ್ಮ ಲೈಬ್ರರಿಯ ಹಳೇ ಪುಸ್ತಕಗಳನ್ನೆಲ್ಲ ನಿಮಗೇ ಕೊಡಿಸ್ತೀನಿ. ಎರಡು ವರ್ಷದ ಕೆಲಸ. ಆದರೆ ಹೊಣೆ ಹೊರೋಕೆ ಒಬ್ಬರ ಹೆಸರು ಬೇಕು" ಎಂದರು.

ಸಣ್ಣ ಮೇಸ್ತ್ರಿ ಗಂಟಲು ಸರಿಮಾಡಿಕೊಂಡು ಅರ್ಧ ಹೆಜ್ಜೆ ಮುಂದಿಟ್ಟ. ಮೇಡಂ ಅವನನ್ನು ದಾಟಿ ಹೋಗಿ ಅವನ ಹೆಂಡತಿಯ ಕೈ ಹಿಡಿದರು.

"ಯಾರನ್ನೂ ಕೇಳದೆ ಫೋನು ಮಾಡಿದ್ರಲ್ಲ, ನೀವೇ ಆಗ್ಬೇಕು."

"ಆಗ್ತೀನಿ" ಎಂದಳು ಅವಳು, ಒಂದು ಕ್ಷಣವೂ ನಾಚದೆ. "ಆದ್ರೆ ನನ್ನೊಬ್ಬಳ ಕೈಲಿ ಆಗಲ್ಲ. ಇವರೆಲ್ಲ ಇದ್ರೆ ಆಗುತ್ತೆ."

"ಅದೇ ನನ್ನ ಒಂಬತ್ತನೇ ಅಧ್ಯಾಯ!" ಎಂದು ನಕ್ಕು ಮೇಡಂ ಕಚೇರಿಗೆ ಓಡಿದರು.

ಸಣ್ಣ ಮೇಸ್ತ್ರಿಗೆ ಹೊಟ್ಟೆಕಿಚ್ಚಾಗಬೇಕಿತ್ತು. ವಿಚಿತ್ರವೆಂದರೆ, ಹೊಟ್ಟೆ ತಣ್ಣಗಿತ್ತು. ಇಂಥವರ ನಡುವೆ ಸಣ್ಣವನಾಗಿರುವುದೂ ಒಂದು ಭಾಗ್ಯವೆನಿಸಿತು. ಆ ಹುರುಪಿನಲ್ಲೇ ಕಪ್ಪು ರಟ್ಟೊಂದನ್ನು ತೆಗೆದು, ಹೆಂಡತಿಯ ಮೇಜಿಗೆಂದು 'ಮೇಲ್ವಿಚಾರಕಿ' ಎಂದು ಚಿನ್ನದಲ್ಲಿ ಒತ್ತಿದ. ಜೀವಮಾನದಲ್ಲೇ ಅಷ್ಟು ಅಂದದ ಅಕ್ಷರ ಒತ್ತಿರಲಿಲ್ಲ.

ಹೆಂಡತಿ ಅದನ್ನು ಬೆಳಕಿಗೆ ಹಿಡಿದಳು. "ಚೆನ್ನಾಗಿದೆ. ಆದ್ರೆ ಇದರಲ್ಲಿ 'ಮೇಲ್ವಿಚಾರಕ' ಅಂತಿದೆ. ಕೊನೇ ಅಕ್ಷರಕ್ಕೆ ಗುಡಿಸು ಬಿಟ್ಟಿದ್ದೀರಿ."

ಅಕ್ಷರ ನೋಡುತ್ತಿರಲಿಲ್ಲ ಅವನು. ನೆಲದ ತುಂಬ ಬಿದ್ದಿದ್ದ ಕಾಗದದ ಚೂರುಗಳನ್ನು ನೋಡಿ, "ಹೌದಲ್ಲ, ಗುಡಿಸೋದೇ ಮರೆತೆ" ಎಂದು ಬಾಗಿಲ ಹಿಂದಿನ ಪೊರಕೆ ಕೈಗೆತ್ತಿಕೊಂಡ. ಮೂವರೂ ಯಾಕೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆಂದು ಅರ್ಧ ಕೋಣೆ ಗುಡಿಸುವ ತನಕ ಅವನಿಗೆ ಹೊಳೆಯಲಿಲ್ಲ. ಹೊಳೆದ ಮೇಲೂ ನಿಲ್ಲಿಸಲಿಲ್ಲ.